ಲೇಸರ್‌ನಲ್ಲಿ ಹೆಸರು ಕೆತ್ತಿಸಿದ ಲೆದರ್ ಪರ್ಸ್ ಕೈಗೆ ಮಸಿ ಹತ್ತಿಸುತ್ತಿದೆ, ಸುಟ್ಟ ವಾಸನೆ ಬೇರೆ. ಹೇಗೆ ಕ್ಲೀನ್ ಮಾಡೋದು?

ಮೊದಲು ಮೆತ್ತನೆ ಒಣ ಬ್ರಷ್‌ನಿಂದ ಮಸಿ ಉದುರಿಸಿ. ಆಮೇಲೆ ಬಟ್ಟೆಯನ್ನು ತೆಳು ಸೋಪಿನ ನೀರಲ್ಲಿ ಅದ್ದಿ, ಚೆನ್ನಾಗಿ ಹಿಂಡಿ, ಅದರಿಂದ ಪರ್ಸನ್ನು ಹಗುರವಾಗಿ ಒರೆಸಿ. ಬಟ್ಟೆಗೆ ಕಪ್ಪು ಹತ್ತುವುದು ನಿಲ್ಲಬೇಕು. ಜೋರಾಗಿ ಉಜ್ಜಬೇಡಿ, ಮಸಿ ತೊಗಲಿನ ಸಣ್ಣ ರಂಧ್ರಗಳಿಗೆ ಇಳಿದು ಕಲೆಯಾಗುತ್ತದೆ.

ಕೂದಲಿನ ಹಾಗೆ ತೊಗಲು ಕೂಡ ಪ್ರೋಟೀನ್. ಲೇಸರ್ ಅದರ ಮೇಲ್ಪದರವನ್ನು ಸುಡುತ್ತದೆ. ಸುಟ್ಟ ಪುಡಿ, ಹೊಗೆಯ ಜಿಡ್ಡು ಕೆತ್ತನೆಯಲ್ಲೇ ಕೂತಿರುತ್ತವೆ. ಕೂದಲು ಸುಟ್ಟಂಥ ವಾಸನೆ ಬರುವುದು ಅದಕ್ಕೇ. ಮಸಿ ಹೋದಷ್ಟೂ ವಾಸನೆಯೂ ಇಳಿಯುತ್ತದೆ.

ನೆರಳಲ್ಲಿ, ಗಾಳಿಗೆ ಒಣಗಿಸಿ. ನಮ್ಮ ಚಿಕ್ಕಮಗಳೂರಿನ ಮಳೆಗಾಲದಲ್ಲಿ ತೇವ ಉಳಿದರೆ ಬೂಸ್ಟು ಹಿಡಿಯುತ್ತದೆ ಅಲ್ವಾ, ಫ್ಯಾನ್ ಕೆಳಗಿಡಿ. ಒಲೆ ಹತ್ತಿರ ಮಾತ್ರ ಬೇಡ, ತೊಗಲು ಸೆಟೆದುಕೊಳ್ಳುತ್ತದೆ. ಕೊನೆಗೆ ಲೆದರ್ ಕಂಡಿಷನರ್ (ತೊಗಲನ್ನು ಮೆತ್ತಗಿಡುವ ಕ್ರೀಮ್) ತೆಳ್ಳಗೆ ಹಚ್ಚಿ. ಸ್ವೇಡ್ (ಮಖಮಲ್ಲಿನಂತೆ ನವಿರಾದ ತೊಗಲು) ಆದರೆ ನೀರು ಮುಟ್ಟಿಸಬೇಡಿ, ಒಣ ಬ್ರಷ್ ಸಾಕು.