ಸನ್ನಿವೇಶ ಬರೆದಾಯಿತು, ತಂತ್ರಾಂಶದ ಮಾದರಿ ಕಟ್ಟುವುದು ಹೇಗೆ?

ಪ್ರಶ್ನೆ: ಹಾಲು ಉತ್ಪಾದಕರ ಸಂಘಕ್ಕೆ ತಂತ್ರಾಂಶ ಮಾಡುತ್ತಿದ್ದೇವೆ. ಡೇರಿಯಲ್ಲಿ ಕೂತು ನೋಡಿ 12 ಬಳಕೆ ಸನ್ನಿವೇಶ (ಒಂದು ಕೆಲಸ ಹಂತ ಹಂತವಾಗಿ ನಡೆಯುವ ವಿವರ) ಬರೆದು, ಒಂದೊಂದಕ್ಕೂ ಸೀಕ್ವೆನ್ಸ್ ಚಿತ್ರ (ಯಾರು ಯಾರಿಗೆ ಯಾವ ಕ್ರಮದಲ್ಲಿ ಏನು ಕಳಿಸುತ್ತಾರೆ ಎಂಬ ಚಿತ್ರ) ಹಾಕಿದ್ದೇವೆ. ಆದರೂ ಕೋಡ್ ಬರೆಯುವವರ ಪ್ರಶ್ನೆಗಳು ಮುಗಿಯುತ್ತಿಲ್ಲ. ಎಲ್ಲಿ ತಪ್ಪಿದ್ದೇವೆ?

ಉತ್ತರ: ಒಂದು ಸನ್ನಿವೇಶ ಹೇಳುವುದು ಒಂದೇ ದಾರಿ. 12 ಚಿತ್ರಗಳಲ್ಲಿ 12 ದಾರಿ ಸಿಕ್ಕಿವೆ, ಅವು ಕೂಡುವ ಜಾಗ ಸಿಕ್ಕಿಲ್ಲ. ನಿಮ್ಮ ಮುಖ್ಯ ಸನ್ನಿವೇಶ ಹೆಚ್ಚುಕಮ್ಮಿ ಹೀಗಿರುತ್ತದೆ: 'ಸದಸ್ಯರು ತಮ್ಮ ಸದಸ್ಯತ್ವದ ಕೋಡ್ ಹೇಳುತ್ತಾರೆ. ಹಾಲು ತೂಗಿ, ಸ್ಯಾಂಪಲ್ ತೆಗೆದು ಫ್ಯಾಟ್, ಎಸ್‌ಎನ್‌ಎಫ್ (ಕೊಬ್ಬು ಬಿಟ್ಟು ಉಳಿದ ಘನಾಂಶ) ನೋಡುತ್ತಾರೆ. ದರಪಟ್ಟಿಯಂತೆ ಮೊತ್ತ ಹಾಕಿ ಚೀಟಿ ಕೊಡುತ್ತಾರೆ.'

ನಾಮಪದಗಳಿಗೆ ಅಡಿಗೆರೆ ಎಳೆಯಿರಿ. ಫ್ಯಾಟ್ ಬರೀ ಅಂಕಿ, ಹಾಲಿನ ನಮೂದಿನೊಳಗೆ ಕೂರುತ್ತದೆ. ದರಪಟ್ಟಿಗೆ ಮಾತ್ರ ಜಾರಿ ದಿನಾಂಕವಿರುವ ಸ್ವಂತ ಕ್ಲಾಸ್ (ತಂತ್ರಾಂಶದಲ್ಲಿ ತನ್ನದೇ ಮಾಹಿತಿ ಇಟ್ಟುಕೊಳ್ಳುವ ಪ್ರತ್ಯೇಕ ಘಟಕ) ಬೇಕು. ನಾಳೆ ದರ ಬದಲಾದಾಗ ಹಳೆಯ ಚೀಟಿಯ ಮೊತ್ತ ಅಲುಗಬಾರದು. ಇನ್ನು ಕ್ರಿಯಾಪದಗಳು. ಕನ್ನಡದಲ್ಲಿ ಕರ್ತೃವನ್ನು ಬಿಟ್ಟು ಬರೆಯುವುದು ಸಲೀಸು, ಇಲ್ಲಿ ಅದೇ ಮುಳುವಾಗುತ್ತದೆ. 'ಫ್ಯಾಟ್ ನೋಡುತ್ತಾರೆ' ಎಂದರೆ ಯಾರು? ಪರೀಕ್ಷಕರು ಅಂಕಿಯನ್ನು ಕೈಯಾರೆ ತುಂಬುತ್ತಾರೋ, ಯಂತ್ರವೇ ಕಳಿಸುತ್ತದೋ? ಇದು ತೀರ್ಮಾನವಾಗದೆ ವ್ಯವಸ್ಥೆಯ ಗಡಿ, ಅಂದರೆ ಯಾವುದು ತಂತ್ರಾಂಶದ ಕೆಲಸ, ಯಾವುದು ಹೊರಗಿನದು ಎಂಬ ಗೆರೆ, ಎಳೆಯಲಾಗದು.

ಆಮೇಲಿನದೇ ನಿಜವಾದ ಕೆಲಸ. 'ಹಾಲಿನ ನಮೂದು' ಒಂದನ್ನೇ ಹಿಡಿದು, ಎಲ್ಲ ಸನ್ನಿವೇಶಗಳಿಂದ ಅದರ ಸ್ಥಿತಿಗಳನ್ನು ಉದ್ದಕ್ಕೆ ಬರೆಯಿರಿ: ತೂಕವಾಗಿದೆ, ಪರೀಕ್ಷೆಯಾಗಿದೆ, ಚೀಟಿಯಾಗಿದೆ, ತಿರಸ್ಕೃತ, ಬಟವಾಡೆಯಾಗಿದೆ. ಅಡ್ಡಕ್ಕೆ ಘಟನೆಗಳು: ಅಂಕಿ ಬಂತು, ಹಾಲು ಕೆಟ್ಟಿದೆ, ಕರೆಂಟ್ ಹೋಯಿತು, ಸದಸ್ಯರ ಕೋಡ್ ತಪ್ಪಾಗಿತ್ತು, ಚೀಟಿ ಮತ್ತೆ ಕೇಳಿದರು, ಬಟವಾಡೆ ದಿನ ಬಂತು. 5 ಸ್ಥಿತಿ, 6 ಘಟನೆ, 30 ಮನೆಯ ಕೋಷ್ಟಕ. ಸನ್ನಿವೇಶದಲ್ಲಿ ಉತ್ತರವಿರುವ ಮನೆಯಲ್ಲಿ ಅದರ ಸಂಖ್ಯೆ ಹಾಕಿ. ಆಗಲು ಸಾಧ್ಯವಿಲ್ಲದ ಮನೆಯಲ್ಲಿ 'ಆಗದು' ಎಂದೇ ಬರೆಯಿರಿ. ಖಾಲಿ ಉಳಿದ ಮನೆಗಳೇ ಕೋಡ್ ಬರೆಯುವವರು ಕೇಳುತ್ತಿರುವ ಪ್ರಶ್ನೆಗಳು.

ಒಂದು ಮನೆ ನೋಡಿ: ತೂಕವಾಗಿದೆ, ಕರೆಂಟ್ ಹೋಯಿತು. ಅಷ್ಟರಲ್ಲಿ ಹಾಲನ್ನು ದೊಡ್ಡ ಕ್ಯಾನಿಗೆ ಸುರಿದಾಗಿರುತ್ತದೆ, ಮತ್ತೆ ತೂಗುವಂತಿಲ್ಲ. ಹಾಗಾಗಿ ತೂಕ ಆ ಕ್ಷಣವೇ ಉಳಿಯಬೇಕು, ಜೊತೆಗೆ ಯಾವ ಸ್ಯಾಂಪಲ್ ಯಾರದೆಂದು ತಿಳಿಯಲು ಬಾಟಲಿಯ ಸಂಖ್ಯೆಯೂ ಬೇಕು. ಮೇಲಿನ ಸನ್ನಿವೇಶದಲ್ಲಿ ಆ ಸಂಖ್ಯೆಯ ಸುಳಿವೇ ಇರಲಿಲ್ಲ.

ಕೋಷ್ಟಕವನ್ನು ಚಿತ್ರ ಮಾಡುವಾಗ ಕರೆಂಟ್ ಹೋದದ್ದಕ್ಕೆ ಪ್ರತಿ ಸ್ಥಿತಿಯಿಂದಲೂ ಬಾಣ ಎಳೆದರೆ ಜೇಡರ ಬಲೆಯಾಗುತ್ತದೆ. ಗಣಕವಿಜ್ಞಾನಿ ಡೇವಿಡ್ ಹ್ಯಾರೆಲ್ 1987ರಲ್ಲಿ ಪ್ರಕಟಿಸಿದ, ಸ್ಥಿತಿಗಳನ್ನೂ ಅವು ಬದಲಾಗುವ ದಾರಿಗಳನ್ನೂ ತೋರಿಸುವ ಸ್ಟೇಟ್‌ಚಾರ್ಟ್‌ನಲ್ಲಿ ಇದಕ್ಕೆ ದಾರಿಯಿದೆ: ಆ ಸ್ಥಿತಿಗಳನ್ನೆಲ್ಲ ಒಂದು ಹೊರಚೌಕಟ್ಟಿನೊಳಗಿಟ್ಟು, ಚೌಕಟ್ಟಿನಿಂದ ಒಂದೇ ಬಾಣ ಎಳೆಯಿರಿ.

ಖಾಲಿ ಮನೆಗಳನ್ನು ನೀವೇ ಊಹಿಸಿ ತುಂಬಬೇಡಿ. 'ಬಟವಾಡೆಯಾದ ಮೇಲೆ ಸದಸ್ಯರ ಕೋಡ್ ತಪ್ಪು ಎಂದು ತಿಳಿದರೆ ಏನು ಮಾಡುತ್ತೀರಿ?' ಎಂದು ಸಂಘದ ಕಾರ್ಯದರ್ಶಿಯವರನ್ನೇ ಕೇಳಿ, ಅವರ ಉತ್ತರವನ್ನು 13ನೆಯ ಸನ್ನಿವೇಶವಾಗಿ ಬರೆದುಕೊಳ್ಳಿ.