ಕೂಡಿಟ್ಟ ಸ್ಪೇರ್ ಪಾರ್ಟ್ಸ್, ಟೂಲ್ಸ್ ಬಿಸಾಕೋಕೆ ಮನಸ್ಸೇ ಬರ್ತಿಲ್ಲ, ಏನು ಮಾಡಲಿ?

ಮನೆ ಬದಲಾಯಿಸಬೇಕು, 15 ವರ್ಷದಿಂದ ಕೂಡಿಟ್ಟ ಸಾಮಾನು ಬಿಡೋಕೆ ಆಗ್ತಿಲ್ಲ, "ಒಂದು ವರ್ಷ ಮುಟ್ಟದೇ ಇದ್ದದ್ದನ್ನೆಲ್ಲ ಬಿಸಾಕಿ" ಅಂತ ಮನೆಯಲ್ಲಿ ಹೇಳ್ತಾರೆ, ಬಿಸಾಕಿದ ಮಾರನೇ ದಿನವೇ ಬೇಕಾದರೆ ಏನು ಗತಿ ಅಂತ ಕೇಳಿದ್ದೀರಿ. ಓದಿ ನಗು ಬಂತು. ಆ ಮಾರನೇ ದಿನಕ್ಕೆ ನಾನು 20 ವರ್ಷ ಕಾದಿದ್ದೇನೆ ಸ್ವಾಮಿ.

ನಾನು ಮೈಸೂರಿನವನು. ಜಾವಾ, ಯೆಜ್ಡಿ ಬೈಕುಗಳು ತಯಾರಾಗುತ್ತಿದ್ದದ್ದು ನಮ್ಮ ಯಾದವಗಿರಿಯಲ್ಲೇ. ಬೀದಿಗೆ ಒಂದೆರಡಾದರೂ ಇರುತ್ತಿದ್ದವು. ಆ ಜೋಡಿ ಸೈಲೆನ್ಸರ್ ಸದ್ದು ಕೇಳಿದರೆ ಬಂದವರು ಯಾರು ಅಂತ ಅಡುಗೆಮನೆಯಿಂದಲೇ ಅಮ್ಮ ಹೇಳುತ್ತಿದ್ದಳು. ಕೆಲಸ ಸಿಕ್ಕ ಹೊಸದರಲ್ಲಿ, 1994ರಲ್ಲಿ, ನಾನೂ ಒಂದು ಸೆಕೆಂಡ್ ಹ್ಯಾಂಡ್ ಯೆಜ್ಡಿ ರೋಡ್‌ಕಿಂಗ್ ತೆಗೆದುಕೊಂಡೆ. ಸರಿಯಾಗಿ ಎರಡು ವರ್ಷಕ್ಕೆ ಫ್ಯಾಕ್ಟರಿ ಮುಚ್ಚಿತು. ಹುಚ್ಚು ಶುರುವಾದದ್ದು ಆಗ. "ಇನ್ನು ಪಾರ್ಟ್ಸ್ ಸಿಗಲ್ಲ" ಅನ್ನೋದೊಂದೇ ಮಾತು ಎಲ್ಲರ ಬಾಯಲ್ಲೂ. ಅಂಗಡಿಯವರು ಇದ್ದ ಸ್ಟಾಕ್ ಖಾಲಿ ಮಾಡುತ್ತಿದ್ದರು, ನಾವು ಬಾಚಿಕೊಳ್ಳುತ್ತಿದ್ದೆವು. ಸಂಬಳ ಬಂದರೆ ಮೊದಲು ಪಿಸ್ಟನ್ ರಿಂಗ್, ಆಮೇಲೆ ದಿನಸಿ. ಬೆಂಗಳೂರಿಗೆ ಯಾರದೋ ಮದುವೆಗೆ ಅಂತ ಹೋಗಿ, ಊಟ ಮುಗಿಸಿ, ರೇಷ್ಮೆ ಪಂಚೆಯಲ್ಲೇ ಶಿವಾಜಿನಗರದ ಗುಜರಿ ಸುತ್ತಿ, ಒಂದು ಕ್ರ್ಯಾಂಕ್ (ಇಂಜಿನ್ ಒಳಗೆ ತಿರುಗುವ ಭಾರದ ಶಾಫ್ಟು) ಹೆಗಲ ಮೇಲೆ ಹೊತ್ತುಕೊಂಡು ರಾತ್ರಿ ಬಸ್ಸಿಗೆ ಬಂದವನು ನಾನು.

2016ರ ಹೊತ್ತಿಗೆ ನಮ್ಮ ಕಾರ್ ಶೆಡ್ಡಿನಲ್ಲಿ ಕಾರಿಗೆ ಜಾಗ ಇರಲಿಲ್ಲ. ಕಾರು ಬೀದಿಯ ಹೊಂಗೆ ಮರದ ಕೆಳಗೆ, ಪಾರ್ಟ್ಸ್ ಸೂರಿನ ಕೆಳಗೆ. ಹಾರ್ಲಿಕ್ಸ್ ಬಾಟಲಿ ತುಂಬ ನಟ್ಟು, ಬೋಲ್ಟು, ವಾಷರ್. ಬಿಸ್ಕತ್ ಡಬ್ಬದಲ್ಲಿ ಬೇರಿಂಗ್. ಪೇಪರ್ ಸುತ್ತಿದ ಸೈಲೆನ್ಸರ್ ನಾಲ್ಕು ಜೊತೆ. ಕ್ಲಚ್ ಕೇಬಲ್ ಹನ್ನೊಂದು. ನನ್ನ ಹತ್ತಿರ ಇದ್ದದ್ದು ಒಂದೇ ಗಾಡಿ, ಅದಕ್ಕೆ ಹನ್ನೊಂದು ಕ್ಲಚ್ ಕೇಬಲ್! 10-11 ರಿಂಗ್ ಸ್ಪ್ಯಾನರೇ ಏಳು ಇದ್ದವು. ಇದ್ದದ್ದು ಕೈಗೆ ಸಿಗದೆ ಹೊಸದು ತರುತ್ತಿದ್ದೆ. ಅದೂ ರಾಶಿಯಲ್ಲಿ ಮುಳುಗುತ್ತಿತ್ತು.

ವರ್ಷಕ್ಕೊಂದು ದಿನ, ಆಯುಧಪೂಜೆಗೆ, ಎಲ್ಲ ಹೊರಗೆ ಬರುತ್ತಿತ್ತು. ಒರೆಸಿ, ಸಾಲಾಗಿ ಜೋಡಿಸಿ, ಸ್ಪ್ಯಾನರಿಗೆಲ್ಲ ಅರಿಶಿನ ಕುಂಕುಮ, ಮೇಲೊಂದು ಸೇವಂತಿಗೆ. "ಈ ವರ್ಷವಾದರೂ ಅರ್ಧ ಕಳಿಸಿ" ಅಂತ ಹೆಂಡತಿ ಹೇಳುವುದೂ ಪೂಜೆಯ ಒಂದು ಭಾಗವೇ ಆಗಿಬಿಟ್ಟಿತ್ತು. ಆದರೆ ಬೆಳಿಗ್ಗೆ ಕೈಮುಗಿದ ಸಾಮಾನನ್ನು ಸಂಜೆ ಗುಜರಿಗೆ ಹಾಕೋದು ಹೇಗೆ? ವಿಜಯದಶಮಿ ಮಾರನೇ ದಿನ ಎಲ್ಲ ವಾಪಸ್ ಶೆಡ್ಡಿಗೆ.

ಈಗ ನಾನು ಮಾಡಿದ ತಪ್ಪಿಗೆ ಬರುತ್ತೇನೆ. ಸ್ವಲ್ಪ ಉದ್ದ ಆಗುತ್ತೆ, ಬೇಜಾರು ಮಾಡ್ಕೋಬೇಡಿ.

ಅಕ್ಕನ ಮಗ, ಆಗ ಅವನಿಗೆ 23, ತನ್ನ ತಾತನ ಹಳೇ ಯೆಜ್ಡಿ ಎಬ್ಬಿಸಲು ಹೊರಟ. ಇಂಜಿನ್ ಪೂರ್ತಿ ಬಿಚ್ಚಿದ್ದಾಯಿತು. ಕ್ರ್ಯಾಂಕಿನ ಆಯಿಲ್ ಸೀಲ್, ಅಂದರೆ ಅದರ ತುದಿಗೆ ಕೂರುವ ರಬ್ಬರ್ ಬಳೆ, ಬೇಕಿತ್ತು. ಅಂಗಡಿಯಲ್ಲಿ ಸಿಗುತ್ತಿತ್ತು, ಹೊಸದು. ಜೋಡಿಗೆ ನೂರಿನ್ನೂರು ರೂಪಾಯಿ, ಅಷ್ಟೇ. ನಾನು ಬಿಡಲಿಲ್ಲ. "ಡೂಪ್ಲಿಕೇಟ್ ಯಾಕೋ ಹಾಕ್ತೀಯ, ನನ್ನ ಹತ್ರ ಕಂಪನಿ ಮಾಲಿದೆ" ಅಂದೆ. 1996ರಲ್ಲಿ ತಂದದ್ದು, ಪ್ಯಾಕೆಟ್ ಕೂಡ ಒಡೆದಿರಲಿಲ್ಲ. 20 ವರ್ಷ ಕಾದಿದ್ದಕ್ಕೆ ಈಗ ಸಾರ್ಥಕ ಆಯಿತು ಅನ್ನೋ ಹೆಮ್ಮೆ ಬೇರೆ. ಹೆಂಡತಿಗೆ ಕೇಳಿಸುವ ಹಾಗೆ ಜೋರಾಗಿಯೇ ಹೇಳಿದ್ದೆ ಅನ್ನಿಸುತ್ತೆ. ನಾನೇ ಕೂತು ಸೀಲ್ ಹಾಕಿದೆ. ಒಳಗೆ ಹೋಗುವಾಗ ಸ್ವಲ್ಪ ಬಿಗಿಯಾಯಿತು. "ಒರಿಜಿನಲ್ ಅಂದ್ರೆ ಹೀಗೇ ಇರುತ್ತೆ ನೋಡು" ಅಂದೆ.

ಟೂ ಸ್ಟ್ರೋಕ್ ಇಂಜಿನ್ ಬಗ್ಗೆ ಗೊತ್ತಿಲ್ಲದವರಿಗೆ ಹೇಳುತ್ತೇನೆ. ಅದರಲ್ಲಿ ಪೆಟ್ರೋಲು, ಗಾಳಿ, ಆಯಿಲು ಮೂರೂ ಸೇರಿ ಮೊದಲು ಕ್ರ್ಯಾಂಕ್ ಇರುವ ಗೂಡಿಗೆ ಹೋಗಿ, ಅಲ್ಲಿಂದ ಮೇಲೆ ಸಿಲಿಂಡರಿಗೆ ಏರಬೇಕು. ಆ ಗೂಡು ಗಾಳಿಯಾಡದ ಹಾಗೆ ಮುಚ್ಚಿರಬೇಕು. ಕುಕ್ಕರ್ ಇದ್ದ ಹಾಗೆ ಅಂದುಕೊಳ್ಳಿ. ಕ್ರ್ಯಾಂಕಿನ ಎರಡು ತುದಿಯ ಎರಡು ಸೀಲ್‌ಗಳೇ ಅದರ ಗ್ಯಾಸ್ಕೆಟ್. ಸೀಲಿನ ತುಟಿ ಮೆತ್ತಗಿದ್ದು ಶಾಫ್ಟನ್ನು ತಬ್ಬಿಕೊಂಡಿರಬೇಕು. ರಬ್ಬರ್ ಗಟ್ಟಿಯಾದರೆ ತಬ್ಬಲ್ಲ, ಸಂದು ಬಿಡುತ್ತೆ. ಕ್ಲಚ್ ಕಡೆಯ ಸೀಲ್ ಹೋದರೆ ಅಲ್ಲಿನ ಆಯಿಲ್ ಒಳಗೆ ಎಳೆದುಕೊಂಡು ಬುಸುಬುಸು ಹೊಗೆ ಬಿಡುತ್ತೆ, ಕಣ್ಣಿಗೆ ಕಾಣುತ್ತೆ, ಗಾಡಿ ನಿಲ್ಲಿಸುತ್ತೀರಿ. ಇನ್ನೊಂದು ಕಡೆಯದು ಹೋದರೆ ಕಾಣೋದೇ ಇಲ್ಲ. ಬರೀ ಗಾಳಿ ಎಳೆಯುತ್ತೆ. ಗಾಳಿ ಜಾಸ್ತಿ, ಪೆಟ್ರೋಲ್ ಕಮ್ಮಿ. ಆಯಿಲ್ ಬರೋದೂ ಪೆಟ್ರೋಲ್ ಜೊತೆಗೇ ಆದ್ದರಿಂದ ಅದೂ ಕಮ್ಮಿ. ಪಿಸ್ಟನ್ ಕಾಯುತ್ತೆ, ಹಿಗ್ಗುತ್ತೆ, ಸಿಲಿಂಡರಿಗೆ ಕಚ್ಚಿಕೊಳ್ಳುತ್ತೆ.

ಮುನ್ಸೂಚನೆ ಇತ್ತು, ಅದನ್ನೂ ಹೇಳಿಬಿಡುತ್ತೇನೆ. ಗಾಡಿ ಓಡಿಸಲು ಶುರು ಮಾಡಿದ ಹತ್ತು ದಿನಕ್ಕೆ ಹುಡುಗ ಬಂದು, "ಮಾವ, ಸಿಗ್ನಲ್ಲಲ್ಲಿ ನಿಂತಾಗ ತಾನಾಗೇ ರೇಸ್ ಆಗುತ್ತೆ, ಆಕ್ಸಿಲರೇಟರ್ ಬಿಟ್ಟರೂ ಇಳಿಯಲ್ಲ" ಅಂದ. ಸೀಲಿನಿಂದ ಗಾಳಿ ಎಳೆಯುವುದಕ್ಕೆ ಇದಕ್ಕಿಂತ ಸ್ಪಷ್ಟ ಲಕ್ಷಣ ಬೇಕಾ? ಆದರೆ ಸೀಲ್ ನಾನು ಕೊಟ್ಟದ್ದಲ್ವಾ, ಕಂಪನಿ ಮಾಲಲ್ವಾ. ಅದರ ಮೇಲೆ ಅನುಮಾನವೇ ಬರಲಿಲ್ಲ. ಕಾರ್ಬುರೇಟರಿನ ಏರ್ ಸ್ಕ್ರೂ ಅರ್ಧ ಸುತ್ತು ತಿರುಗಿಸಿ, ಕಾಫಿ ಕುಡಿಸಿ ಕಳಿಸಿದೆ.

ಡಿಸೆಂಬರಿನಲ್ಲಿ ಅವನು ಮಡಿಕೇರಿಗೆ ಹೊರಟ. ಹುಣಸೂರು, ಪಿರಿಯಾಪಟ್ಟಣ ದಾಟುವ ತನಕ ಏನೂ ಆಗಲಿಲ್ಲ. ಕುಶಾಲನಗರ ಬಿಟ್ಟು ಸುಂಟಿಕೊಪ್ಪದ ಕಡೆ ಏರು ಶುರುವಾಯಿತಲ್ಲ, ಅಲ್ಲಿ ಇಂಜಿನ್ ಜಾಮ್. ಹಿಂದಿನ ಚಕ್ರ ಲಾಕ್. ಕ್ಲಚ್ ಹಿಡಿಯುವಷ್ಟರಲ್ಲಿ ಗಾಡಿ ಅಡ್ಡ ಬಿದ್ದಿತ್ತು. ಹಿಂದೆ ಬರುತ್ತಿದ್ದ ಜೀಪಿನವನು ಬ್ರೇಕ್ ಹಾಕಿದ್ದರಿಂದ ಹುಡುಗ ಉಳಿದ. ಕತ್ತಿನ ಕೆಳಗಿನ ಮೂಳೆ ಮುರಿದು ಆರು ವಾರ ಕೈ ಜೋಲಿಯಲ್ಲಿತ್ತು. ಅಕ್ಕ ನನ್ನ ಜೊತೆ ಯುಗಾದಿ ತನಕ ಮಾತಾಡಲಿಲ್ಲ. ಬೈದಿದ್ದರೆ ಸಹಿಸಬಹುದಿತ್ತು. ಆಸ್ಪತ್ರೆಯಲ್ಲಿ ಒಂದೇ ಒಂದು ಮಾತು ಅಂದಳು: "ಹೊಸದು ಕೊಡಿಸೋಕೆ ದುಡ್ಡಿಲ್ಲ ಅಂದಿದ್ರೆ ನಾನೇ ಕೊಡ್ತಿದ್ದೆನಲ್ಲೋ."

ಆಮೇಲೆ ಇಂಜಿನ್ ಬಿಚ್ಚಿದಾಗ ಆ ಸೀಲ್ ಕೈಯಲ್ಲಿ ಹಿಡಿದು ಉಗುರಿನಲ್ಲಿ ಒತ್ತಿ ನೋಡಿದೆ. ಉಗುರೇ ಇಳಿಯಲಿಲ್ಲ. ಹಳೇ ಗ್ರಾಮಫೋನ್ ಪ್ಲೇಟಿನ ಹಾಗಿತ್ತು. ತುಟಿ ಮಡಚಿದರೆ ಸಣ್ಣ ಸಣ್ಣ ಬಿರುಕು. ಪ್ಯಾಕೆಟ್ ಒಡೆಯದಿದ್ದರೆ ಸಾಮಾನು ಹೊಸದಾಗೇ ಇರುತ್ತೆ ಅಂದುಕೊಂಡಿದ್ದೆ. ಶೀಟ್ ಹೊದಿಸಿದ ಶೆಡ್ಡಿನಲ್ಲಿ 20 ಬೇಸಿಗೆ ಕಳೆದ ರಬ್ಬರ್ ಅದು. ನಮ್ಮ ಮನೆಯವಳು ಕುಕ್ಕರಿನ ಗ್ಯಾಸ್ಕೆಟ್ ವರ್ಷ ವರ್ಷ ಬದಲಾಯಿಸುತ್ತಾಳೆ. ಅವಳಿಗೆ ಗೊತ್ತಿದ್ದ ವಿಷಯ ಇದು.

ಅದೇ ವಾರ ಶೆಡ್ ಖಾಲಿ ಮಾಡೋಕೆ ಇಳಿದೆ. ಒಬ್ಬನೇ ಮಾಡಿದ್ದರೆ ಇವತ್ತಿಗೂ ಮುಗಿಯುತ್ತಿರಲಿಲ್ಲ, ಯಾಕೆಂದರೆ ಪ್ರತಿ ಡಬ್ಬಕ್ಕೂ ಒಂದು ಕಥೆ ಇತ್ತು. ಅದಕ್ಕೇ ನಮ್ಮ ಮೇಸ್ತ್ರಿಯನ್ನು ಕರೆದೆ. ಈ ಗಾಡಿಗಳನ್ನೇ 30 ವರ್ಷದಿಂದ ಬಿಚ್ಚಿ ಜೋಡಿಸುತ್ತಿರುವ ಮನುಷ್ಯ. ಅವರು ಕಥೆ ಕೇಳಲಿಲ್ಲ. ಒಂದು ಗೋಣಿಚೀಲದ ಮೇಲೆ ಕೂತು ಎಡಕ್ಕೊಂದು, ಬಲಕ್ಕೊಂದು ಎಸೆಯುತ್ತಾ ಹೋದರು. ರಬ್ಬರ್ ಎಲ್ಲ ಎಡಕ್ಕೆ. ಪೇಪರ್ ಗ್ಯಾಸ್ಕೆಟ್ ಎಡಕ್ಕೆ. ಕಾರ್ಕಿನ ಕ್ಲಚ್ ಪ್ಲೇಟ್ ಎತ್ತಿದರೆ ಹಳೇ ರಸ್ಕಿನ ಹಾಗೆ ಉದುರಿತು. ಸೈಲೆನ್ಸರಿಗೆ ಸುತ್ತಿದ್ದ ಪೇಪರ್ ತೇವ ಹೀರಿ ಹೀರಿ ಕ್ರೋಮ್ ಎಲ್ಲ ಚುಕ್ಕಿ ಚುಕ್ಕಿ ತುಕ್ಕು. ಗ್ರೀಸ್ ಹಚ್ಚದೆ ಇಟ್ಟ ಬೇರಿಂಗ್‌ಗಳು ತಿರುಗಿಸಿದರೆ ಗರಗರ ಅಂದವು. ಎಲ್ಲ ಎಡಕ್ಕೆ.

ಬಲಕ್ಕೆ ಬಿದ್ದದ್ದು ಒಂದು ಬಕೆಟ್ಟಿನಷ್ಟು. ಅದರಲ್ಲಿ ಒಂದು ಗೇರ್ ಪಿನಿಯನ್ ಎತ್ತಿ ಹಿಡಿದು ಬೆಳಕಿಗೆ ನೋಡಿದರು. ನನ್ನ ಹತ್ತಿರ ಅದು ಮೂರಿತ್ತು, ಎಣ್ಣೆ ಕಾಗದದಲ್ಲಿ ಸುತ್ತಿ ಇಟ್ಟಿದ್ದೆ, ಹಲ್ಲೆಲ್ಲ ಹೊಸದರ ಹಾಗೇ ಇದ್ದವು. "ಸ್ವಾಮಿ, ಇದೊಂದಕ್ಕೆ ಒಂದು ಗಾಡಿ ಎಂಟು ತಿಂಗಳು ನನ್ನ ಗ್ಯಾರೇಜಲ್ಲಿ ನಿಂತಿತ್ತು" ಅಂದರು. "ಕೊನೆಗೆ ಆ ಹುಡುಗ ಗಾಡೀನ ಗುಜರಿಗೆ ಕೊಟ್ಟುಬಿಟ್ಟ." ಆ ಗ್ಯಾರೇಜಿಗೂ ನಮ್ಮ ಶೆಡ್ಡಿಗೂ ಎರಡು ಕಿಲೋಮೀಟರ್ ಇಲ್ಲ. ನಾನು ಏನೂ ಹೇಳಲಿಲ್ಲ, ಟೀ ತರಲು ಒಳಗೆ ಹೋದೆ.

180 ಕೆಜಿ ತೂಕಕ್ಕೆ ಹೋಯಿತು. ಬಂದ ದುಡ್ಡು ನಾನು ಆ ಸೈಲೆನ್ಸರ್‌ಗಳಿಗೆ ಕೊಟ್ಟಷ್ಟೂ ಇರಲಿಲ್ಲ.

ನಿಮ್ಮ ಪ್ರಶ್ನೆಗೆ ಬರುತ್ತೇನೆ. "ಒಂದು ವರ್ಷ ಮುಟ್ಟದಿದ್ದರೆ ಬಿಸಾಕು" ಅನ್ನೋದು ಸೀರೆ, ಪಾತ್ರೆಗೆ ಸರಿ ಇರಬಹುದು, ಸ್ಪೇರ್ ಪಾರ್ಟ್‌ಗೆ ಅಲ್ಲ. ಮುಟ್ಟದೇ ಇರೋದಕ್ಕೇ ಅದಕ್ಕೆ ಸ್ಪೇರ್ ಅನ್ನೋದು. ಮನೆಯವರಿಗೆ ಇದನ್ನು ನನ್ನ ಹೆಸರು ಹೇಳದೆ ಹೇಳಿ. ಆದರೆ ನಿಮ್ಮ "ಮುಂದೆ ಬೇಕಾದರೆ?" ಅನ್ನೋ ಪ್ರಶ್ನೆಯೂ ತಪ್ಪು ಅಂತಲೇ ನನ್ನ ಅಭಿಪ್ರಾಯ. ಮುಂದೆ ಬೇಕಾಗುತ್ತೆ ಅಂತಲೇ ಅಂದುಕೊಳ್ಳಿ, ಬೇಕಾದ ದಿನ ಅದು ಕೆಲಸ ಮಾಡುತ್ತಾ? ಈಗಲೇ ಹೋಗಿ ಒಂದು ಡಬ್ಬ ತೆಗೆದು ಉಗುರಿನಲ್ಲಿ ಒತ್ತಿ ನೋಡಿ. ರಬ್ಬರ್, ಕಾರ್ಕ್, ಪೇಪರ್, ಹಳೇ ವೈರು, ಯೋಚನೆಯೇ ಬೇಡ, ಹೊರಗೆ. ಬೇರೆಯವರಿಗೂ ಕೊಡಬೇಡಿ, ನನ್ನ ಕಥೆ ಓದಿದಿರಲ್ಲ. ಒಳ್ಳೆ ಕಬ್ಬಿಣದ ಸಾಮಾನು ಇದ್ದರೆ ಆ ಕೆಲಸ ದಿನಾ ಮಾಡುವವರಿಗೆ ಕೊಟ್ಟುಬಿಡಿ. ಫೋಟೋ ತೆಗೆದು ಒಂದೊಂದಾಗಿ ಆನ್‌ಲೈನಲ್ಲಿ ಮಾರುತ್ತೇನೆ ಅಂತ ಮಾತ್ರ ಹೊರಡಬೇಡಿ, ಅದು ಇಟ್ಟುಕೊಳ್ಳೋದಕ್ಕೆ ಇನ್ನೊಂದು ನೆಪ. "ರೇಟು ಬರುತ್ತೆ" ಅನ್ನೋದೂ ಅಷ್ಟೇ. 2018ರಲ್ಲಿ ಜಾವಾ ಮತ್ತೆ ಬಂದಾಗ ನನ್ನ ಗೆಳೆಯನೊಬ್ಬ ಇನ್ನೂ ಎರಡು ಗೋಣಿ ತುಂಬಿಕೊಂಡ. ಹೊಸದು ಫೋರ್ ಸ್ಟ್ರೋಕ್, ನೀರಿನಿಂದ ತಣಿಯುವ ಇಂಜಿನ್ನು. ಹಳೇದರ ಒಂದು ವಾಷರ್ ಅದಕ್ಕೆ ಕೂರುತ್ತೋ ಇಲ್ಲವೋ.

ಟೂಲ್ಸ್ ವಿಷಯದಲ್ಲಿ ನಾನು ಇಷ್ಟು ಕಟುಕ ಅಲ್ಲ. ಬೆಂಚ್ ವೈಸ್, ಒಂದು ಸೆಟ್ ಸ್ಪ್ಯಾನರ್, ಅಪ್ಪನ ಸುತ್ತಿಗೆ ಇಟ್ಟುಕೊಂಡೆ. ಮ್ಯಾಗ್ನೆಟ್ ಬಿಚ್ಚುವ ಪುಲ್ಲರ್ ಮಾತ್ರ ಮೇಸ್ತ್ರಿಗೆ ಕೊಟ್ಟೆ. ನಾನು ಅದನ್ನು ಮೂರು ವರ್ಷಕ್ಕೊಮ್ಮೆ ಮುಟ್ಟುತ್ತಿದ್ದೆ, ಅವರ ಕೈಯಲ್ಲಿ ವಾರಕ್ಕೆರಡು ಸಲ ತಿರುಗುತ್ತೆ. ಬೇಕಾದಾಗ ಅವರ ಹತ್ರ ಹೋಗುತ್ತೇನೆ. ನನ್ನ ಪುಲ್ಲರ್ ಕೇಳಿದರೆ ಎಲ್ಲಿಟ್ಟೆ ಅಂತ ಅವರೂ ಅರ್ಧ ಗಂಟೆ ಹುಡುಕುತ್ತಾರೆ, ಅದು ಬೇರೆ ಮಾತು.

ಹೌದು, ಆ ಮಾರನೇ ದಿನ ನನಗೂ ಬಂತು. ಗುಜರಿಗೆ ಹಾಕಿದ ಎರಡನೇ ವಾರ ಫುಟ್‌ರೆಸ್ಟ್ ರಬ್ಬರ್ ಕಿತ್ತುಹೋಯಿತು. ಆರು ಇದ್ದವು, ಆರೂ ಎಸೆದಿದ್ದೆ. ಹೆಂಡತಿಗೆ ಹೇಳದೆ ಅಂಗಡಿಗೆ ಹೋಗಿ ಹೊಸದು ತಂದೆ. ಒಂದು ಮಸಾಲೆ ದೋಸೆ, ಕಾಫಿಯಷ್ಟು ದುಡ್ಡು.

ಅಳಿಯನ ಗಾಡಿ ಮತ್ತೆ ಬೋರ್ ಮಾಡಿಸಿ, ಹೊಸ ಪಿಸ್ಟನ್, ಅಂಗಡಿಯ ಹೊಸ ಸೀಲ್ ಹಾಕಿಸಿದ್ದಾಯಿತು. ಓಡುತ್ತಿದೆ. ಅಕ್ಕ ಗಾಡಿ ಮೇಲೆ ಕೂರಲ್ಲ, ಆದರೆ ನನ್ನ ಜೊತೆ ಮಾತಾಡುತ್ತಾಳೆ. ಅಂದಹಾಗೆ, ನಿಮ್ಮ ರಾಶಿ ಯಾವ ಗಾಡಿಯದು ಅಂತ ಬರೆದಿಲ್ಲ. ಹಳೇ ಯೆಜ್ಡಿಯ ಕಾರ್ಬುರೇಟರ್ ಸ್ಲೈಡ್ ಏನಾದರೂ ಇದ್ದರೆ ಗುಜರಿಗೆ ಹಾಕುವ ಮುಂಚೆ ಒಂದು ಮೆಸೇಜ್ ಮಾಡಿ. ಹುಡುಗನಿಗೆ ಬೇಕು, ನನಗಲ್ಲ. ಒಂದೇ ಸಾಕು.