ನೆಬ್ಯುಲೈಸರ್ ಹೊಗೆ ನಿಂತಾಗ ಮೊದಲು ಏನು ನೋಡಬೇಕು?

ಪ್ರಶ್ನೆ: ನಾನು ಆಂಬುಲೆನ್ಸ್‌ ಕೆಲಸಕ್ಕೆ ಹೊಸದಾಗಿ ಸೇರಿದ ನರ್ಸ್. ಆಸ್ತಮಾ ಜೋರಾಗಿರುವವರಿಗೆ ನೆಬ್ಯುಲೈಸರ್ (ಔಷಧಿಯನ್ನು ಹೊಗೆಯಂತೆ ಮಾಡಿ ಉಸಿರಿನಲ್ಲಿ ಕೊಡುವ ಸಾಧನ) ನಿಲ್ಲಿಸದೆ ಕೊಡುತ್ತಾ ದೊಡ್ಡಾಸ್ಪತ್ರೆಗೆ ಕರೆದೊಯ್ಯುತ್ತೇವೆ. ದಾರಿಯಲ್ಲಿ ಹೊಗೆ ನಿಂತುಬಿಡುತ್ತದೆ. ಇಪ್ಪತ್ತು ನಿಮಿಷಕ್ಕೊಮ್ಮೆ ಕೊಟ್ಟರೆ ಸಾಲದೇ?

ಉತ್ತರ: ನನಗೂ ಹೀಗಾಗಿತ್ತು, ಕೆಲಸಕ್ಕೆ ಸೇರಿದ ಎರಡನೇ ವರ್ಷ. ಹುಡುಗ ಸುಸ್ತಾಗಿ ಹಿಂದಕ್ಕೆ ಒರಗಿದ, ಹೊಗೆ ನಿಂತಿತು. ಔಷಧಿ ಮುಗಿಯಿತು ಅಂದುಕೊಂಡು ಇನ್ನೊಂದು ಡೋಸ್ ಸುರಿದೆ. ನಿಜಕ್ಕೂ ಔಷಧಿ ಹಾಕುವ ಕಪ್ ಓರೆಯಾಗಿತ್ತು, ಅಷ್ಟೇ. ಅರ್ಧ ಔಷಧಿ ಒಳಗೇ ಇತ್ತು. ನೆಟ್ಟಗೆ ಮಾಡಿದ್ದೇ ತಡ, ಎರಡೂ ಸೇರಿ ಹೋಗಿ ಅವನ ಕೈ ಗಡಗಡ ನಡುಗಿತು, ನಾಡಿ ಓಡತೊಡಗಿತು. ಅವತ್ತಿನಿಂದ ನನ್ನ ಕ್ರಮ ಬದಲಾಯಿತು: ಮೊದಲು ಕಪ್, ಆಮೇಲೆ ಟ್ಯೂಬ್ ಎಲ್ಲಾದರೂ ಮಡಚಿದೆಯಾ, ಆಮೇಲೆ ಸಿಲಿಂಡರ್ ಮೀಟರ್. ಔಷಧಿ ಕೊನೆಗೆ.

ತುಂಬಾ ಜನರಿಗೆ ಮೊದಲ ಗಂಟೆಯಲ್ಲಿ ಇಪ್ಪತ್ತು ನಿಮಿಷಕ್ಕೊಂದರಂತೆ ಮೂರು ಸಲ ಕೊಟ್ಟರೆ ಸಾಕು. ಅದಕ್ಕೂ ಬಗ್ಗದವರಿಗೆ ಮಾತ್ರ ನಿರಂತರವಾಗಿ ಕೊಡುವುದು. ದೊಡ್ಡವರಿಗೆ ಸಾಮಾನ್ಯವಾಗಿ ಗಂಟೆಗೆ 10ರಿಂದ 15 ಮಿಲಿಗ್ರಾಂ ಸಾಲ್ಬುಟಮಾಲ್ (ಉಸಿರಿನ ನಾಳ ಸಡಿಲಿಸುವ ಔಷಧಿ). ಮಕ್ಕಳಿಗೆ ತೂಕ ನೋಡಿ. ಎಷ್ಟು ಅಂತ ಡಾಕ್ಟರ್ ಬರೆದುಕೊಡದೆ ಗಾಡಿ ಹತ್ತಬೇಡಿ. ಸಾಧಾರಣ ಕಪ್‌ನಲ್ಲಿ 5 ಮಿಲಿ ಹತ್ತು ನಿಮಿಷದಲ್ಲೇ ಖಾಲಿ. ಹಾಗಾಗಿ ಒಂದೋ ದೊಡ್ಡ ಕಪ್ ಬೇಕು, ಇಲ್ಲವೇ ಪಂಪಿನಿಂದ ಹನಿಹನಿಯಾಗಿ ಬೀಳಬೇಕು. ಎರಡೂ ಇಲ್ಲದಿದ್ದರೆ ಹೊರಡುವ ಮೊದಲೇ ಸಿರಿಂಜ್‌ಗಳಲ್ಲಿ ತುಂಬಿ, ಹೆಸರು ಬರೆದು ಇಟ್ಟುಕೊಳ್ಳಿ. ಕುಲುಕುವ ಗಾಡಿಯಲ್ಲಿ ಅಳತೆ ಮಾಡುವ ಸಾಹಸ ಬೇಡ.

ನಿಜವಾದ ತಲೆನೋವು ಆಕ್ಸಿಜನ್. ಹೊಗೆ ಏಳಬೇಕಾದರೆ ನಿಮಿಷಕ್ಕೆ 6ರಿಂದ 8 ಲೀಟರ್ ಬೇಕೇ ಬೇಕು. ಉಳಿಸೋಣ ಅಂತ 4ಕ್ಕೆ ಇಳಿಸಿದರೆ ಹನಿ ದಪ್ಪವಾಗುತ್ತದೆ, ಬಾಯಿ ಗಂಟಲಲ್ಲೇ ಕೂರುತ್ತದೆ. ಶ್ವಾಸಕೋಶ ತಲುಪುವುದು 1ರಿಂದ 5 ಮೈಕ್ರಾನ್ ಹನಿ ಮಾತ್ರ. 680 ಲೀಟರ್ ಸಿಲಿಂಡರ್ 8ರ ಹರಿವಿನಲ್ಲಿ 85 ನಿಮಿಷ ಬರುತ್ತದೆ. ಅದೂ ತುಂಬಿದ್ದರೆ! ಲಿಫ್ಟ್ ಕಾಯುವುದು, ವಾರ್ಡಿನಲ್ಲಿ ಒಪ್ಪಿಸುವುದು ಯಾರ ಲೆಕ್ಕದಲ್ಲೂ ಇರುವುದಿಲ್ಲ ಅಲ್ವಾ? ಬೇಕಾದ್ದರ ಎರಡರಷ್ಟು ಒಯ್ಯಿರಿ.

ರೋಗಿ ವೆಂಟಿಲೇಟರ್ ಮೇಲಿದ್ದರೆ ಬ್ಯಾಟರಿಯ ಮೆಷ್ ನೆಬ್ಯುಲೈಸರ್ (ನಡುಗುವ ಸಣ್ಣ ಜಾಲರಿಯಿಂದ ಹನಿ ಮಾಡುವಂಥದ್ದು) ಒಳ್ಳೆಯದು. ಅದಕ್ಕೆ ಗಾಳಿಯ ಹರಿವು ಬೇಡ. ಗಾಳಿಯ ರಭಸದಿಂದ ನಡೆಯುವ ಮಾಮೂಲಿ ಜೆಟ್ ಹಾಕಿದರೆ ಹೊರಗಿನ ಗಾಳಿ ಸೇರಿ ವೆಂಟಿಲೇಟರ್ ಅಳತೆಯೇ ಏರುಪೇರಾಗುತ್ತದೆ.

ಸಿಒಪಿಡಿ (ಉಸಿರಿನ ನಾಳ ಕಿರಿದಾಗುವ ದೀರ್ಘಕಾಲದ ಶ್ವಾಸಕೋಶದ ಕಾಯಿಲೆ) ಇರುವವರ ವಿಷಯ ಬೇರೆ. ಜಾಸ್ತಿ ಆಕ್ಸಿಜನ್ ಹೋದರೆ ಅವರಲ್ಲಿ ಕಾರ್ಬನ್ ಡೈಆಕ್ಸೈಡ್ ಏರಿ ಮಂಪರು ಬರಬಹುದು. ಗಾಳಿಯಿಂದ ನೆಬ್ಯುಲೈಸರ್ ನಡೆಸಿ, ಆಕ್ಸಿಜನ್ ಮೂಗಿನ ಟ್ಯೂಬಿನಲ್ಲಿ ಕೊಡಿ, ರಕ್ತದ ಆಕ್ಸಿಜನ್ ಮಟ್ಟ ಶೇ. 88ರಿಂದ 92 ಇದ್ದರೆ ಸಾಕು. ಗಾಡಿಯಲ್ಲಿ ಆಕ್ಸಿಜನ್ ಬಿಟ್ಟು ಬೇರೆ ಇಲ್ಲದಿದ್ದರೆ ಆರು ನಿಮಿಷಕ್ಕೆ ನಿಲ್ಲಿಸಿ.

ಮಾನಿಟರ್ ಮೇಲೆ ಕಣ್ಣಿರಲಿ. ಗಂಟೆಗಟ್ಟಲೆ ಕೊಟ್ಟಾಗ ರಕ್ತದಲ್ಲಿ ಪೊಟ್ಯಾಸಿಯಂ ಇಳಿಯುತ್ತದೆ, ಎದೆಬಡಿತ ತಪ್ಪಬಹುದು. ಇನ್ನೊಂದು ಮಾತು. ಸುಯ್‌ಗುಟ್ಟುವ ಸದ್ದು ನಿಂತಿತು ಅಂತ ಸುಮ್ನೆ ಖುಷಿಪಡಬೇಡಿ. ಅವರು ಮಾತಾಡುತ್ತಿದ್ದಾರಾ ನೋಡಿ. ತೂಕಡಿಸುತ್ತಿದ್ದರೆ ಗಾಳಿಯೇ ಓಡಾಡುತ್ತಿಲ್ಲ ಅಂತ ಅರ್ಥ. ಆಗ ಕಪ್ ಬಿಟ್ಟು ಅಂಬು ಬ್ಯಾಗ್ (ಕೈಯಿಂದ ಒತ್ತಿ ಉಸಿರು ಕೊಡುವ ಚೀಲ) ಕೈಗೆತ್ತಿಕೊಳ್ಳಿ, ಡಾಕ್ಟರಿಗೆ ಫೋನ್ ಮಾಡಿಸಿ.